ಬೆಳ್ಳಿಯ ಮೌನ

ಶಿವರಾಮ ಕಾರಂತರ ‘ಚೋಮನ ದುಡಿ’ಯನ್ನು ಬಿ.ವಿ. ಕಾರಂತರು 1975ರಲ್ಲಿ ಚಲನಚಿತ್ರವಾಗಿಸಿದರು. ಅದರಲ್ಲಿ, ತಂದೆಯ ಸಾಲ ತೀರಿಸಲು ತೋಟದ ಕೂಲಿಗೆ ಹೋದ ಬೆಳ್ಳಿಯ ಮೇಲೆ ಧಣಿಯೇ ಅತ್ಯಾಚಾರವೆಸಗುತ್ತಾನೆ. ಸಾಲವನ್ನು ಮನ್ನಾ ಮಾಡುತ್ತಾನೆ. ಮನೆಗೆ ಮರಳಿದ ಬೆಳ್ಳಿ, ಸಾಲ ತೀರಿತೆಂದಷ್ಟೇ ಹೇಳುತ್ತಾಳೆ.

ಈ ಮೌನವನ್ನು ನಾವು ಲಜ್ಜೆಯೆಂದು ತಿಳಿದು ಮುಂದೆ ಸಾಗಿದೆವು. (ತರಗತಿಯಲ್ಲಿ ನಾನೂ ಚೋಮನ ಪಾತ್ರಚಿತ್ರಣವನ್ನೇ ಬರೆಯಿಸಿದವನು, ಬೆಳ್ಳಿಯ ಬಗ್ಗೆ ಒಂದಂಕದ ಪ್ರಶ್ನೆಯನ್ನೂ ಕೇಳಲಿಲ್ಲ.) ನನಗೀಗ ಅದು ಲೆಕ್ಕಾಚಾರವಾಗಿ ಕಾಣುತ್ತದೆ. ಬಾಯಿಬಿಟ್ಟರೆ ನ್ಯಾಯ ಹೇಳುವವರು ಯಾರು? ಧಣಿ, ಇಲ್ಲವೇ ಧಣಿಯ ಸರೀಕರು. ತೀರಿದ ಸಾಲ ಮರಳಿ ತಂದೆಯ ಹೆಗಲೇರದೆಂಬ ಭರವಸೆಯೆಲ್ಲಿ?

ಕಾಲ ಬದಲಾಗಿದೆಯಲ್ಲ ಎನ್ನುವವರು ನಮ್ಮ ಗೋವೆಯದೇ ಒಂದು ತೀರ್ಪನ್ನು ಓದಬೇಕು. 2013ರ ಆ ಪ್ರಕರಣದಲ್ಲಿ ದೂರಿತ್ತವಳು ವಿದ್ಯಾವಂತೆ, ಪತ್ರಕರ್ತೆ. 2021ರ ಮೇ ತಿಂಗಳಲ್ಲಿ ಮಾಪ್ಸಾದ ಸೆಷನ್ಸ್ ನ್ಯಾಯಾಲಯ ಆರೋಪಿ ಸಂಪಾದಕರನ್ನು ಖುಲಾಸೆಗೊಳಿಸಿತು. ಸರ್ಕಾರ ಮೇಲ್ಮನವಿ ಸಲ್ಲಿಸಿತು. ಆರೋಪದ ಸತ್ಯಾಸತ್ಯತೆ ನನ್ನ ವಿಷಯವಲ್ಲ. ತೀರ್ಪಿನ ಭಾಷೆ ನನ್ನ ವಿಷಯ. ಘಟನೆಯ ನಂತರದ ಛಾಯಾಚಿತ್ರಗಳಲ್ಲಿ ಆಕೆ ನಗುನಗುತ್ತ ಎಂದಿನಂತೆ ಇದ್ದುದೇ ಅಲ್ಲಿ ಅವಳ ಮಾತಿಗೆ ವಿರುದ್ಧವಾದ ಸಂಗತಿಯಾಯಿತು.

ಸಾಲ ತೀರಿತೆಂದು ತಂದೆಗೆ ತಿಳಿಸುವಾಗ ಬೆಳ್ಳಿಯ ಮುಖ ಹೇಗಿತ್ತೆಂದೂ ಆ ನ್ಯಾಯಾಲಯ ವಿಚಾರಿಸುತ್ತಿತ್ತೇನೋ.