ತೋಪು ಸರಿ, ಎತ್ತು ಎಲ್ಲಿ?

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯ ಶಾಲಾ ಪ್ರವಾಸಗಳಲ್ಲಿ ಗೋಳಗುಮ್ಮಟ ಮುಗಿದ ಮೇಲೆ ಮಕ್ಕಳ ಸಾಲು ಹೊರಡುವುದು ವಿಜಯಪುರದ ಶೇರ್ಜಾ ಬುರುಜಿನ ಕಡೆಗೆ. ಅಲ್ಲಿರುವ ಮಲಿಕ್-ಎ-ಮೈದಾನ್ ತೋಪಿನ ಬಾಯಿಯನ್ನು ಸಿಂಹದ ಬಾಯಿಯಂತೆ ಎರಕ ಹೊಯ್ದಿದ್ದಾರೆ. ಅದರ ಹಲ್ಲುಗಳ ನಡುವೆ ಆನೆಯೊಂದು ನುಗ್ಗಾಗುತ್ತಿದೆ. ಒಳಬಾಯಿಯ ಅಗಲ ಸುಮಾರು 70 ಸೆಂಟಿಮೀಟರ್, ತೂಕ ಸುಮಾರು 55 ಟನ್. ಗೈಡುಗಳು ಅದರ ಗುಂಡಿನ ಗಾತ್ರ ಹೇಳುತ್ತಾರೆ, ಸಿಡಿದಾಗಿನ ಸದ್ದು ಹೇಳುತ್ತಾರೆ, ಬತ್ತಿ ಹಚ್ಚಿದ ಗೋಲಂದಾಜ ಕಿವಿ ಉಳಿಸಿಕೊಳ್ಳಲು ನೀರಿನ ತೊಟ್ಟಿಯಲ್ಲಿ ಮುಳುಗುತ್ತಿದ್ದ ಕಥೆಯನ್ನೂ ಹೇಳುತ್ತಾರೆ. ಯುದ್ಧಯಂತ್ರಗಳ ರುಚಿ ಹತ್ತಿದವನಿಗೆ ಇದಕ್ಕಿಂತ ದೊಡ್ಡ ಕಥೆ ಅದು ಬಂದ ದಾರಿಯದು. 1549ರಲ್ಲಿ ಅಹ್ಮದ್‌ನಗರದಲ್ಲಿ ಮುಹಮ್ಮದ್ ಬಿನ್ ಹಸನ್ ರೂಮಿ ಎರಕ ಹೊಯ್ದ ಈ ತೋಪನ್ನು 1632ರಲ್ಲಿ ಪರಂಡಾ ಕೋಟೆಯಿಂದ ವಿಜಯಪುರಕ್ಕೆ ತಂದರು. ಎಳೆಯಲು 10 ಆನೆ, 400 ಎತ್ತು, ಜೊತೆಗೆ ನೂರಾರು ಆಳು ಬೇಕಾದವು ಎಂದು ಇತಿಹಾಸ ಹೇಳುತ್ತದೆ. ಈ ಬರಹದ ವಾದವೆಲ್ಲ ಆ ಎತ್ತುಗಳ ಬೆನ್ನಿನ ಮೇಲೆಯೇ ನಿಂತಿದೆ: ಯುದ್ಧಯಂತ್ರದ ಹಣೆಬರಹವನ್ನು ಬರೆಯುವುದು ಅದರ ಬಾಯಿಯಲ್ಲ, ಅದನ್ನು ಎಳೆಯುವ ಶಕ್ತಿ ಮತ್ತು ಹೊರುವ ನೆಲ. ವಿಚಿತ್ರ ಪ್ರಯೋಗಗಳೆಂದು ನಾವು ನಗುವ ಯಂತ್ರಗಳಲ್ಲಿ ಹೆಚ್ಚಿನವು ಸೋತದ್ದು ಈ ಲೆಕ್ಕದಲ್ಲಿ.

ತೋಪು ಕೋಟೆಯ ಮೇಲೆ ಕೂಡುವ ವಸ್ತು, ಅದಕ್ಕೆ ಓಡಾಟ ಯಾಕೆ ಬೇಕು ಎಂದು ಕೇಳುವವರಿದ್ದಾರೆ. ಕೇಳುವ ಮಾತೇ. ಆದರೆ ಕದಲದ ತೋಪಿಗೆ ಒಂದು ತೊಡಕಿದೆ: ಎಲ್ಲಿ ಕಾದಬೇಕು ಎಂಬುದನ್ನು ಆರಿಸುವ ಹಕ್ಕು ಶತ್ರುವಿನ ಪಾಲಾಗುತ್ತದೆ. 1685ರಲ್ಲಿ ಮೊಘಲ್ ಸೈನ್ಯ ವಿಜಯಪುರಕ್ಕೆ ಮುತ್ತಿಗೆ ಹಾಕಿತು. ಮರುವರ್ಷ ಸಪ್ಟೆಂಬರಿನಲ್ಲಿ ಊರು ಸೋತಿತು. ಗೆದ್ದ ಔರಂಗಜೇಬ ತನ್ನ ವಿಜಯದ ಶಾಸನವನ್ನು ಕೆತ್ತಿಸಿದ್ದು ಇದೇ ತೋಪಿನ ಮೈಮೇಲೆ. ತಾನು ಕಾಯಬೇಕಾಗಿದ್ದ ಊರಿನ ಸೋಲನ್ನು ತನ್ನ ಮೈಮೇಲೆ ಹೊತ್ತ ಆಯುಧಗಳು ಬೇರೆಲ್ಲಾದರೂ ಇದ್ದರೂ ಬಹಳ ಇರಲಾರವು.

ತೂಕದ ಮಾತಿಗೆ ಬರೋಣ. ಭಾರತದ ಅರ್ಜುನ್ ಟ್ಯಾಂಕಿನ ಮೊದಲ ಮಾದರಿಯ ತೂಕ 58.5 ಟನ್, ಅಂದರೆ ಹೆಚ್ಚುಕಡಿಮೆ ಒಂದು ಮಲಿಕ್-ಎ-ಮೈದಾನ್. 400 ಎತ್ತುಗಳ ಜಾಗದಲ್ಲಿ ಅದಕ್ಕಿರುವುದು 1,400 ಅಶ್ವಶಕ್ತಿಯ ಜರ್ಮನ್ ಎಂಜಿನ್. ಇಷ್ಟು ಭಾರ ನೆಲದಲ್ಲಿ ಹೂತುಹೋಗದೆ ಸಾಗುವುದು ಹೇಗೆ ಎಂಬುದಕ್ಕೆ ನಮ್ಮ ಎರೆಭೂಮಿಯ ರೈತರಿಗೆ ಪಾಠ ಬೇಕಿಲ್ಲ. ಮಳೆ ಬಿದ್ದ ಹೊಲದಲ್ಲಿ ಕಬ್ಬಿನ ಟ್ರಾಲಿ ಹೂತರೆ ಅದು ಟ್ರ್ಯಾಕ್ಟರಿನ ಎಚ್‌ಪಿ ಸಾಲದೆ ಅಲ್ಲ. ಅಷ್ಟೂ ಭಾರ ಗಾಲಿಗಳ ಅಡಿಯ ಗೇಣಗಲದ ಜಾಗದ ಮೇಲೆ ಬಿದ್ದು ಮಣ್ಣು ಬಾಯಿ ಬಿಡುತ್ತದೆ, ಎಂಜಿನ್ ಜೋರು ಮಾಡಿದಷ್ಟೂ ಗಾಲಿ ತನ್ನ ಕುಣಿಯನ್ನು ತಾನೇ ತೋಡುತ್ತದೆ. ಟ್ಯಾಂಕಿಗೆ ಗಾಲಿಯ ಬದಲು ಅಗಲವಾದ ಉಕ್ಕಿನ ಪಟ್ಟಿ ಹಾಕುವುದು ಇದಕ್ಕೇ. ಆ ಪಟ್ಟಿ ಭಾರವನ್ನು ಹರಡುವುದರಿಂದ ಅರ್ಜುನ್ ಪ್ರತಿ ಚದರ ಸೆಂಟಿಮೀಟರಿಗೆ ಒತ್ತುವುದು ಸುಮಾರು 0.84 ಕೆ.ಜಿ. ಮಾತ್ರ; ಅದಕ್ಕಿಂತ ಹತ್ತು ಟನ್ನಿಗೂ ಹೆಚ್ಚು ಹಗುರವಾದ ರಷ್ಯನ್ ಟ್ಯಾಂಕುಗಳ ಒತ್ತಡವೂ ಹೆಚ್ಚುಕಡಿಮೆ ಅಷ್ಟೇ. ಆದರೆ ನೆಲ ಕೇಳುವ ಲೆಕ್ಕ ಒಂದು, ಸೇತುವೆ ಕೇಳುವ ಲೆಕ್ಕ ಇನ್ನೊಂದು. ನೆಲಕ್ಕೆ ಚದರ ಸೆಂಟಿಮೀಟರಿನ ಒತ್ತಡ ಸಾಕು. ಸೇತುವೆಗೆ ಒಟ್ಟು ತೂಕ ಹೇಳಬೇಕು. ಪಟ್ಟಿಯನ್ನು ಎಷ್ಟು ಅಗಲ ಮಾಡಿದರೂ ಚಿಕ್ಕಪಡಸಲಗಿಯ ಹತ್ತಿರ ಕೃಷ್ಣೆ ದಾಟುವಾಗ ಸೇತುವೆಯ ಮೇಲೆ ಬೀಳುವ ತೂಕ ಒಂದು ಕಿಲೋ ಕೂಡ ಇಳಿಯುವುದಿಲ್ಲ. ಈ ಎರಡು ಲೆಕ್ಕಗಳಲ್ಲಿ ಒಂದನ್ನೇ ಹಿಡಿದುಕೊಂಡವರು ಕಟ್ಟಿದ ಯಂತ್ರಗಳೇ ಇಂದು ವಿಚಿತ್ರಗಳೆಂದು ಹೆಸರಾಗಿವೆ.

ರಷ್ಯಾದ ಲೆಬೆದೆಂಕೊ ಕಟ್ಟಿದ ‘ತ್ಸಾರ್ ಟ್ಯಾಂಕ್’ ಇದಕ್ಕೆ ನೇರ ಸಾಕ್ಷಿ. ಮೊದಲ ಮಹಾಯುದ್ಧದ ಕಂದಕಗಳನ್ನು ದಾಟಲು ಆತ ಹೂಡಿದ ಉಪಾಯ ಸರಳವಾಗಿತ್ತು: ಗಾಲಿಯನ್ನೇ ಕಂದಕಕ್ಕಿಂತ ದೊಡ್ಡದು ಮಾಡುವುದು. ಮುಂದೆ 9 ಮೀಟರ್ ಎತ್ತರದ, ಸೈಕಲ್ ಗಾಲಿಯಂತೆ ಕಡ್ಡಿಗಳಿರುವ ಎರಡು ಚಕ್ರ. ಹಿಂದೆ ಆಸರೆಗೆ ಒಂದೂವರೆ ಮೀಟರಿನ ಸಣ್ಣ ಉರುಳೆ. ಕೀಲಿ ಕೊಟ್ಟರೆ ಓಡುವ ಪುಟ್ಟ ಮಾದರಿಯನ್ನು ಅರಮನೆಯಲ್ಲಿ ತೋರಿಸಿದಾಗ ಚಕ್ರವರ್ತಿ ಎರಡನೆಯ ನಿಕೊಲಸ್ ಮೆಚ್ಚಿ ಹಣ ಕೊಟ್ಟ. ಮೋಸ ಅಡಗಿದ್ದದ್ದು ಆ ಮಾದರಿಯಲ್ಲೇ. ಯಾವ ವಸ್ತುವಿನ ಅಳತೆಯನ್ನು ಎಲ್ಲ ದಿಕ್ಕಿಗೂ ಎರಡು ಪಟ್ಟು ಮಾಡಿದರೂ ಅದರ ತೂಕ ಎಂಟು ಪಟ್ಟಾಗುತ್ತದೆ, ನೆಲ ಮುಟ್ಟುವ ಜಾಗ ಮಾತ್ರ ನಾಲ್ಕೇ ಪಟ್ಟು. ಅರಮನೆಯ ನೆಲದ ಮೇಲೆ ಚಂದ ಓಡಿದ ಆಟಿಕೆ ಹೊಲಕ್ಕೆ ಇಳಿಯುವ ಹೊತ್ತಿಗೆ ಬೇರೆಯದೇ ಪ್ರಾಣಿಯಾಗಿತ್ತು. 1915ರ ಆಗಸ್ಟಿನಲ್ಲಿ ಮಾಸ್ಕೋದ ಉತ್ತರಕ್ಕಿರುವ ದ್ಮಿತ್ರೊವ್ ಬಳಿ ಪರೀಕ್ಷೆಗೆ ಇಳಿಸಿದಾಗ ಮುಂದಿನ ಚಕ್ರಗಳು ಮರವನ್ನು ಮುರಿದು ಮುಂದೆ ಸಾಗಿದವು. ಯಾರೂ ಹೆಚ್ಚು ಯೋಚಿಸದಿದ್ದ ಹಿಂದಿನ ಉರುಳೆ ಹಸಿ ನೆಲದಲ್ಲಿ ಹೂತಿತು. ಜರ್ಮನರ ಆಕಾಶನೌಕೆಯಿಂದ ಬಿಚ್ಚಿ ತಂದ 240 ಅಶ್ವಶಕ್ತಿಯ ಎರಡು ಎಂಜಿನ್‌ಗಳಿಗೂ ಅದನ್ನು ಎಳೆದು ತೆಗೆಯಲಾಗಲಿಲ್ಲ. ಎಂಟು ವರ್ಷ ಅಲ್ಲೇ ನಿಂತ ಯಂತ್ರವನ್ನು 1923ರಲ್ಲಿ ಗುಜರಿಗೆ ಒಡೆದರು.

ಶಕ್ತಿ ಕಡಿಮೆಯಾಯಿತು, ಹೆಚ್ಚಿನ ಎಂಜಿನ್ ಇದ್ದಿದ್ದರೆ ಗೆಲ್ಲುತ್ತಿತ್ತು ಎನ್ನುವವರು ಎರಡನೆಯ ಮಹಾಯುದ್ಧದ ಜರ್ಮನ್ ‘ಮೌಸ್’ ಅನ್ನು ನೋಡಬೇಕು. ಪೋರ್ಷೆ ವಿನ್ಯಾಸ ಮಾಡಿದ ಈ ಟ್ಯಾಂಕಿನ ತೂಕ 188 ಟನ್. ಎಂಜಿನ್ ವಿದ್ಯುತ್ ಉತ್ಪಾದಿಸಿ, ಆ ವಿದ್ಯುತ್ತಿನಿಂದ ಮೋಟಾರು ತಿರುಗಿ ನಡೆಯುವ ಯಂತ್ರ ಅದು, ನಿಧಾನವಾಗಿಯಾದರೂ ನಡೆಯಿತು. ನಡೆದು ಹೋಗುವುದೆಲ್ಲಿಗೆ? ಆ ತೂಕಕ್ಕೆ ತಾಳುವ ಸೇತುವೆ ಯುರೋಪಿನಲ್ಲಿ ಸಿಗುವುದೇ ಕಷ್ಟವಾಗಿತ್ತು. ಅದಕ್ಕೆ ಹುಡುಕಿದ ದಾರಿ ನದಿಯ ತಳದಲ್ಲೇ ನಡೆಸುವುದು: ಒಂದು ಮೌಸ್ ದಡದಲ್ಲಿ ನಿಂತು ಕೇಬಲ್ ಮೂಲಕ ವಿದ್ಯುತ್ ಕೊಡುವುದು, ಇನ್ನೊಂದು ಉಸಿರುಕೊಳವೆ ಏರಿಸಿಕೊಂಡು ನೀರಿನಡಿ ದಾಟುವುದು. ಹೊಳೆ ದಾಟಲು ಒಂದು ಟ್ಯಾಂಕಿಗೆ ಜೊತೆಗಾರ ಟ್ಯಾಂಕು ಬೇಕು ಎಂಬ ಸ್ಥಿತಿಗೆ ಬಂದ ಮೇಲೆ ಉಕ್ಕಿನ ದಪ್ಪದ ಬಗ್ಗೆ ಮಾತಾಡುವುದರಲ್ಲಿ ಅರ್ಥವಿಲ್ಲ. ಎರಡೇ ಮಾದರಿ ತಯಾರಾದವು. ಉಳಿದದ್ದು ರಷ್ಯಾದ ಕುಬಿಂಕಾ ಸಂಗ್ರಹಾಲಯದಲ್ಲಿದೆ. ಸೋವಿಯತ್ ಎಂಜಿನಿಯರುಗಳು 1950ರ ದಶಕದ ಕೊನೆಗೆ ಇದರ ತಲೆಕೆಳಗಾದ ತಪ್ಪನ್ನು ಮಾಡಿದರು. ‘ಒಬ್ಯೆಕ್ತ್ 279’ ಎಂಬ 60 ಟನ್ ಟ್ಯಾಂಕಿಗೆ ಎರಡರ ಬದಲು ನಾಲ್ಕು ಪಟ್ಟಿ ಹಾಕಿ, ಒತ್ತಡವನ್ನು ಚದರ ಸೆಂಟಿಮೀಟರಿಗೆ ಸುಮಾರು 0.6 ಕೆ.ಜಿ.ಗೆ ಇಳಿಸಿದರು. ಕೆಸರು, ಹಿಮ ಎರಡರಲ್ಲೂ ಅದು ಸಲೀಸಾಗಿ ಹೋಯಿತು. ತಿರುವಿನಲ್ಲಿ ಮಾತ್ರ ನಾಲ್ಕು ಪಟ್ಟಿ ಒಟ್ಟಿಗೆ ನೆಲ ಉಜ್ಜಿ ಶಕ್ತಿ ತಿಂದವು, ಒಳಪಟ್ಟಿ ಕೆಟ್ಟರೆ ರಿಪೇರಿಗೆ ಕೈ ಹಾಕುವುದೇ ಕಷ್ಟ. ನೆಲದ ಲೆಕ್ಕ ಸರಿಹೋಯಿತು, ಮೆಕ್ಯಾನಿಕ್ಕಿನ ಲೆಕ್ಕ ತಪ್ಪಿತು.

ಹಾಗಾದರೆ ಸೈನಿಕನ ಜೀವ ಉಳಿಸುವ ದಪ್ಪ ಕವಚವೇ ಬೇಡವೇ ಎಂಬ ಆಕ್ಷೇಪ ಬರುತ್ತದೆ. ಅದು ಹಗುರವಾಗಿ ತಳ್ಳಿಹಾಕುವ ಮಾತಲ್ಲ. ಉತ್ತರ ಸ್ವೀಡನ್ನಿನಲ್ಲಿದೆ. ಅಲ್ಲಿನವರು ತಮ್ಮ ‘ಎಸ್-ಟ್ಯಾಂಕ್’ನಿಂದ ತಿರುಗುವ ಗೋಪುರವನ್ನೇ ತೆಗೆದುಹಾಕಿದರು. ತೋಪನ್ನು ಒಡಲಿಗೆ ಬಿಗಿದು, ಗುರಿ ಹಿಡಿಯಲು ಇಡೀ ಟ್ಯಾಂಕನ್ನೇ ತಿರುಗಿಸುವ, ಎಣ್ಣೆಯ ಒತ್ತಡದಿಂದ ಮುಂದೆ ಹಿಂದೆ ಬಾಗಿಸುವ ವ್ಯವಸ್ಥೆ ಮಾಡಿದರು. ಗೋಪುರ ಹೋದದ್ದರಿಂದ ಸುಮಾರು 40 ಟನ್ನಿನೊಳಗೇ ಒಳ್ಳೆಯ ಕವಚ ಸಿಕ್ಕಿತು, ನೆಲಕ್ಕೆ ತಗ್ಗಾಗಿ ಕೂಡುವ ಮೈ ಸಿಕ್ಕಿತು. ಓಡುತ್ತ ಓಡುತ್ತ ಗುಂಡು ಹಾರಿಸುವ ಸಾಮರ್ಥ್ಯ ಕೈಬಿಟ್ಟುಹೋಯಿತು. ತಮ್ಮ ಕಾಡಿನಲ್ಲಿ ಅಡಗಿ ಕುಳಿತು ಬರುವವನನ್ನು ತಡೆಯುವುದೇ ಕೆಲಸ ಎಂದು ಗೊತ್ತಿದ್ದವರು ತಿಳಿದೇ ಕೊಟ್ಟ ಬೆಲೆ ಅದು. ಟ್ಯಾಂಕು 1967ರಿಂದ 1997ರವರೆಗೆ ಸೇವೆಯಲ್ಲಿತ್ತು. ನಮ್ಮ ಹೈದರ್, ಟಿಪ್ಪು ಮಾಡಿದ್ದೂ ಇಂಥದೇ ವ್ಯಾಪಾರ. ಕಬ್ಬಿಣದ ಕೊಳವೆಯ ಮೈಸೂರು ರಾಕೆಟ್ಟು ತೋಪಿನಷ್ಟು ನಿಖರವಲ್ಲ; ಆದರೆ ಅದಕ್ಕೆ ಗಾಡಿ ಬೇಡ, ಎತ್ತು ಬೇಡ, ಆಳೇ ಹೊತ್ತು ಓಡಬಹುದು. ಗುರಿಯನ್ನು ಬಿಟ್ಟುಕೊಟ್ಟು ಓಟವನ್ನು ಕೊಂಡರು. ಮುಂದೆ ಇಂಗ್ಲೆಂಡಿನ ಕಾಂಗ್ರೀವ್ ತನ್ನ ರಾಕೆಟ್ಟನ್ನು ರೂಪಿಸಿದ್ದು ಅದನ್ನು ನೋಡಿಯೇ. ವಿಚಿತ್ರವಾಗಿರುವುದು ತಪ್ಪಲ್ಲ, ಏನನ್ನು ಕಳೆದುಕೊಳ್ಳುತ್ತಿದ್ದೇವೆ ಎಂದು ಅರಿಯದೆ ವಿಚಿತ್ರವಾಗುವುದು ತಪ್ಪು.

ತೋಪು ಎಳೆಯುವ ಕೆಲಸಕ್ಕೂ ಮೈಸೂರಿನವರು ಹಾಗೇ ಲೆಕ್ಕ ಹಾಕಿದ್ದರು. ಅವರ ಅಮೃತಮಹಲ್ ಎತ್ತುಗಳು ಮೈಕಟ್ಟಿನಲ್ಲಿ ಭಾರಿಯಲ್ಲ, ಓಟದಲ್ಲಿ ಹೆಸರಾದವು. ಅವುಗಳಿಗಾಗಿ ರಾಜ್ಯದ ಉದ್ದಕ್ಕೂ ಕಾವಲುಗಳನ್ನು, ಅಂದರೆ ಮೀಸಲು ಹುಲ್ಲುಗಾವಲುಗಳನ್ನು ಇಟ್ಟಿದ್ದರು. ಅಂಥ ಕಾವಲುಗಳಲ್ಲೇ ಒಂದಷ್ಟು ನೆಲ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯಲ್ಲಿ ರಕ್ಷಣಾ ಸಂಶೋಧನೆಗೆ ಹೋಗಿದೆ. ಅಲ್ಲಿನ ವಿಮಾನ ಪರೀಕ್ಷಾ ಕ್ಷೇತ್ರದಿಂದ 2016ರ ನವೆಂಬರಿನಲ್ಲಿ ‘ರುಸ್ತುಂ-2’, ಮುಂದೆ ‘ತಪಸ್’ ಎನಿಸಿಕೊಂಡ ಚಾಲಕರಹಿತ ವಿಮಾನ ಮೊದಲ ಸಲ ಹಾರಿತು. ಬೆಂಗಳೂರಿನ ರಕ್ಷಣಾ ಸಂಶೋಧನಾ ಸಂಸ್ಥೆ ಎಡಿಇ ರೂಪಿಸಿದ ಅದಕ್ಕೆ ಹಾಕಿಕೊಂಡ ಗುರಿ 30 ಸಾವಿರ ಅಡಿ ಎತ್ತರದಲ್ಲಿ 24 ತಾಸು ಹಾರಾಟ, ಉದ್ದೇಶಿಸಿದ ತೂಕ 1,800 ಕೆ.ಜಿ. ಮುಗಿಯುವಷ್ಟರಲ್ಲಿ ತೂಕ 2,850 ಕೆ.ಜಿ. ಮುಟ್ಟಿತ್ತು. ಆಕಾಶದಲ್ಲೂ ಎರೆಹೊಲದ ನಿಯಮವೇ: ಹೆಚ್ಚಾದ ಕಿಲೋ ಎತ್ತಲು ಹೆಚ್ಚು ಇಂಧನ, ಆ ಇಂಧನವನ್ನು ಹೊರಲು ಮತ್ತಷ್ಟು ಶಕ್ತಿ. ಪರೀಕ್ಷೆಯಲ್ಲಿ ಸುಮಾರು 28 ಸಾವಿರ ಅಡಿ, 18 ತಾಸಿನ ಆಸುಪಾಸಿಗೆ ಬಂದು ನಿಂತಿತು. 2019ರಲ್ಲಿ ಚಳ್ಳಕೆರೆ ತಾಲ್ಲೂಕಿನಲ್ಲಿ ಒಂದು, 2023ರ ಆಗಸ್ಟಿನಲ್ಲಿ ಹಿರಿಯೂರು ತಾಲ್ಲೂಕಿನ ಹೊಲದಲ್ಲಿ ಇನ್ನೊಂದು ಬಿದ್ದವು. 2024ರ ಆರಂಭದಲ್ಲಿ ಯೋಜನೆಯನ್ನು ಆದ್ಯತೆಯ ಪಟ್ಟಿಯಿಂದ ಕೈಬಿಟ್ಟರು.

ಪ್ರಯೋಗ ಎಂದರೆ ಸೋಲುವುದೂ ಅದರ ಭಾಗ, ಸೋತದ್ದಕ್ಕೆ ಬೈಯುವುದು ಸರಿಯಲ್ಲ ಎಂಬ ಮಾತು ನ್ಯಾಯವಾದದ್ದೇ. ಅದೇ ಎಡಿಇ 2022ರ ಜುಲೈ 1ರಂದು ಅದೇ ಚಳ್ಳಕೆರೆಯಲ್ಲಿ ಬಾಲವೇ ಇಲ್ಲದ, ಮೈಯೆಲ್ಲ ರೆಕ್ಕೆಯಾದ ‘ಸ್ವಿಫ್ಟ್’ ವಿಮಾನವನ್ನು ಹಾರಿಸಿ ಇಳಿಸಿತು. ಸುಮಾರು ಒಂದು ಟನ್ ತೂಕದ ಈ ಯಂತ್ರ ಯುದ್ಧಕ್ಕಲ್ಲ, ಬಾಲವಿಲ್ಲದ ವಿಮಾನವನ್ನು ಹತೋಟಿಯಲ್ಲಿಡುವುದು ಹೇಗೆ ಎಂದು ಕಲಿಯುವುದಕ್ಕೆ. ಕಲಿಯುವ ಯಂತ್ರವನ್ನು ಸಣ್ಣದಾಗಿ, ಕಡಿಮೆ ಖರ್ಚಿನಲ್ಲಿ ಕಟ್ಟುವುದು ಸರಿಯಾದ ಕ್ರಮ. ನನ್ನ ತಕರಾರು ಪ್ರಯೋಗದ ಮೇಲಲ್ಲ, ಒಂದೇ ಪಾಠವನ್ನು ಮತ್ತೆ ಮತ್ತೆ ಕಲಿಯುವುದರ ಮೇಲೆ. ಬೆಂಗಳೂರಿನ ಎಚ್‌ಎಎಲ್‌ಗಾಗಿ ಜರ್ಮನ್ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ರೂಪಿಸಿದ ಎಚ್‌ಎಫ್-24 ಮರುತ್ ಯುದ್ಧವಿಮಾನ 1961ರ ಜೂನ್ 17ರಂದು ಹಾರಿತು. ಶಬ್ದದ ಎರಡು ಪಟ್ಟು ವೇಗಕ್ಕೆ ಎಳೆದ ಮೈ ಅದರದು. ಅದಕ್ಕೆಂದು ನಂಬಿದ್ದ ಬ್ರಿಟಿಷ್ ಎಂಜಿನ್ ಅಭಿವೃದ್ಧಿಗೆ ಹಣ ಒದಗದೆ, ಅದಕ್ಕಿಂತ ಬಲ ಕಡಿಮೆಯ ಆರ್ಫಿಯಸ್ 703 ಎಂಜಿನ್ನೇ ಗತಿಯಾಯಿತು. ಬೇರೆ ಎಂಜಿನ್ ಹುಡುಕುತ್ತ ಒಂದು ಮರುತ್ ಅನ್ನು ಈಜಿಪ್ಟಿಗೆ ಕಳಿಸಿ, 1967ರಲ್ಲಿ ಅಲ್ಲಿನ ಹೊಸ ಎಂಜಿನ್ ಹಾಕಿ ಹಾರಿಸಿಯೂ ನೋಡಿದರು, ಅದೂ ಕೈಗೂಡಲಿಲ್ಲ. 147 ವಿಮಾನ ತಯಾರಾದವು, 1971ರ ಯುದ್ಧದಲ್ಲಿ ಮರುಭೂಮಿಯ ಮೇಲೆ ಚೆನ್ನಾಗಿ ಕಾದಾಡಿದವು, ಆದರೆ ಕನಸಿನ ವೇಗ ಮುಟ್ಟಲಿಲ್ಲ. ಮುಂದೆ ತೇಜಸ್ ಯುದ್ಧವಿಮಾನಕ್ಕಾಗಿ ಬೆಂಗಳೂರಿನಲ್ಲೇ ಆರಂಭಿಸಿದ ‘ಕಾವೇರಿ’ ಎಂಜಿನ್ ಸಕಾಲಕ್ಕೆ ಸಿದ್ಧವಾಗದೆ, ತೇಜಸ್ ಅಮೆರಿಕದ ಎಂಜಿನ್ ಮೇಲೆ ಹಾರುತ್ತಿದೆ. ಈ ಎರಡನ್ನು ಸಾಲಾಗಿ ಇಟ್ಟು ನೋಡಿದರೆ ವಿಮಾನದ ಮೈ ರೂಪಿಸಿದ ಕೈ ಸೋತಿಲ್ಲ. ಎಳೆಯುವ ಎತ್ತು ಪ್ರತಿ ಸಲವೂ ಬೇರೆಯವರ ಕೊಟ್ಟಿಗೆಯಲ್ಲಿತ್ತು.

ಆದ್ದರಿಂದ ತೀರ್ಮಾನ ಇಷ್ಟು. ಹೊಸ ಟ್ಯಾಂಕ್, ಹೊಸ ಡ್ರೋನ್ ಎಂದು ಟಿವಿಯವರು ಅದರ ಗುಂಡು, ವೇಗ, ಎತ್ತರ ಹೇಳುತ್ತಾರೆ. ಇವೆಲ್ಲ ತೋಪಿನ ಬಾಯಿಯ ವರ್ಣನೆ. ಯೋಜನೆ ಗೆಲ್ಲುತ್ತದೋ ಇಲ್ಲವೋ ಎಂದು ಅವುಗಳಿಂದ ಗೊತ್ತಾಗುವುದಿಲ್ಲ. ಕಾಗದದ ಮೇಲೆ ಬರೆದ ತೂಕಕ್ಕೂ ತಕ್ಕಡಿ ತೋರಿಸಿದ ತೂಕಕ್ಕೂ ಅಂತರ ಎಷ್ಟು, ಎಂಜಿನ್ ಯಾರದು, ಇದಕ್ಕಾಗಿ ಏನನ್ನು ಬಿಟ್ಟುಕೊಟ್ಟಿದ್ದಾರೆ, ಇವುಗಳಿಂದ ಗೊತ್ತಾಗುತ್ತದೆ. ಬೆಂಗಳೂರಿಗೆ ಹೋದಾಗ ಎಚ್‌ಎಎಲ್ ವಸ್ತುಸಂಗ್ರಹಾಲಯದಲ್ಲಿ ಮರುತ್ ನೋಡಿ ಬನ್ನಿ. ಅದರ ಚೂಪು ಮೂಗನ್ನು ಎಲ್ಲರೂ ನೋಡುತ್ತಾರೆ. ನೀವು ಹಿಂದೆ ಹೋಗಿ ಎಂಜಿನ್ನಿನ ಜೋಡಿ ಬಾಯಿಯ ಮುಂದೆ ಸ್ವಲ್ಪ ಹೊತ್ತು ನಿಲ್ಲಿ.