ಬಹಿಷ್ಕಾರವೋ ಒಪ್ಪಂದವೋ: ಎಡ್ವಿನ್ ಬ್ಲ್ಯಾಕ್ ಅವರ ‘ದಿ ಟ್ರಾನ್ಸ್‌ಫರ್ ಅಗ್ರೀಮೆಂಟ್’ ಕೃತಿಯ ವಿಮರ್ಶೆ

1933ರ ಜನವರಿ 30ರಂದು ಹಿಟ್ಲರನು ಜರ್ಮನಿಯ ಚಾನ್ಸೆಲರನಾದಾಗ ಹೊರನಾಡುಗಳ ಯೆಹೂದ್ಯ ಮುಖಂಡರು ಕಠಿಣವಾದ ಪ್ರಶ್ನೆಯೊಂದನ್ನು ಎದುರಿಸಬೇಕಾಯಿತು. ಜರ್ಮನಿಯ ಸರಕುಗಳನ್ನು ಬಹಿಷ್ಕರಿಸಿ ಆ ಆಡಳಿತವನ್ನು ಮಣಿಸಬೇಕೇ? ಅಥವಾ ಅದರೊಡನೆಯೇ ವ್ಯವಹರಿಸಿ ಆದಷ್ಟು ಜನರನ್ನು ಹೊರತರಬೇಕೇ? 1984ರಲ್ಲಿ ಪ್ರಕಟವಾದ ಬ್ಲ್ಯಾಕ್ ಅವರ ಗ್ರಂಥವು ಈ ಎರಡು ನಿಲುವುಗಳ ಘರ್ಷಣೆಯನ್ನು ವಿವರವಾಗಿ ನಿರೂಪಿಸುತ್ತದೆ.

ಯೆಹೂದ್ಯ ಸಮುದಾಯವು ಏಕಕಂಠದಿಂದ ಮಾತನಾಡಿತೆಂಬ ಭ್ರಮೆಯನ್ನು ನೀಗಿಸುವುದು ಈ ಗ್ರಂಥದ ಹಿರಿಮೆ. ಮಾರ್ಚ್ 27ರಂದು ರಬ್ಬಿ ಸ್ಟೀಫನ್ ವೈಸ್ ಅವರ ನೇತೃತ್ವದ ಅಮೆರಿಕನ್ ಜ್ಯೂಯಿಷ್ ಕಾಂಗ್ರೆಸ್ಸು ನ್ಯೂಯಾರ್ಕಿನಲ್ಲಿ ಬೃಹತ್ ಪ್ರತಿಭಟನಾ ಸಭೆಯನ್ನು ನಡೆಸಿತು. ಅಮೆರಿಕನ್ ಜ್ಯೂಯಿಷ್ ಕಮಿಟಿಯಾದರೋ ಬೀದಿಯ ಪ್ರತಿಭಟನೆಯು ಜರ್ಮನಿಯ ಯೆಹೂದ್ಯರಿಗೇ ಅಪಾಯ ತರುವುದೆಂದು ಭಾವಿಸಿ ಮೌನ ಸಂಧಾನವನ್ನು ಬಯಸಿತು. ಆಗಸ್ಟಿನಲ್ಲಿ ‘ಹಾವರಾ’ ಒಪ್ಪಂದವಾಯಿತು. ಇದರಂತೆ ವಲಸೆ ಹೊರಟವರ ಹಣವನ್ನು ಜರ್ಮನಿಯಲ್ಲಿಯೇ ಠೇವಣಿಯಿಟ್ಟು, ಅದರಿಂದ ಕೊಂಡ ಜರ್ಮನ್ ಸರಕನ್ನು ಪ್ಯಾಲೆಸ್ತೀನಿನಲ್ಲಿ ಮಾರಿ, ಬಂದ ಹಣದಲ್ಲಿ ಒಂದು ಪಾಲನ್ನು ಅವರಿಗೆ ಕೊಡಲಾಗುತ್ತಿತ್ತು. ಬಹಿಷ್ಕಾರದ ಕೋಟೆಯಲ್ಲಿ ಇದರಿಂದ ಬಿರುಕು ಮೂಡಿತೆಂಬುದು ನಿಜ.

ಆದರೆ ಒಗ್ಗಟ್ಟಿನ ಬಹಿಷ್ಕಾರವು ಹಿಟ್ಲರನನ್ನು ಉರುಳಿಸಬಹುದಾಗಿತ್ತೆಂಬ ಲೇಖಕರ ಸೂಚನೆಗೆ ಆಧಾರ ಸಾಲದು. ಜುಲೈ 14ರ ಕಾನೂನಿನಿಂದ ನಾಜಿ ಪಕ್ಷವೊಂದನ್ನುಳಿದು ಎಲ್ಲ ಪಕ್ಷಗಳೂ ನಿಷಿದ್ಧವಾಗಿದ್ದವು, ವಿರೋಧಿಗಳು ಸೆರೆಶಿಬಿರಗಳಲ್ಲಿದ್ದರು. ರಫ್ತು ಕುಸಿದೊಡನೆ ಇಂತಹ ಆಡಳಿತವೂ ಕುಸಿಯುತ್ತಿತ್ತೆಂಬುದು ಊಹೆ ಮಾತ್ರ. ಇತ್ತ 1933ರಿಂದ 1939ರವರೆಗೆ 50,000ಕ್ಕೂ ಮಿಕ್ಕಿದ ಜರ್ಮನ್ ಯೆಹೂದ್ಯರು ಪ್ಯಾಲೆಸ್ತೀನನ್ನು ಸೇರಿದರು. ಅವರಲ್ಲಿ ಅನೇಕರಿಗೆ ಈ ಒಪ್ಪಂದವೇ ಬಾಗಿಲಾಯಿತು. ಉಳಿದ ಜೀವಗಳನ್ನು ಊಹೆಯ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ.

ಕ್ರೈಸ್ತ ಓದುಗನಿಗೆ ಇಲ್ಲಿ ಇನ್ನೊಂದು ಎಚ್ಚರಿಕೆಯುಂಟು. ಮುಳುಗುವವರನ್ನು ಎತ್ತಲು ಯಾವ ಹಗ್ಗವನ್ನು ಹಿಡಿಯಬೇಕೆಂದು ಜಗಳಾಡಿದವರಿಗೆ ನಾವು ನ್ಯಾಯಾಧೀಶರಾಗುವ ಮುನ್ನ, ಅದೇ ಬೇಸಿಗೆಯ ನಮ್ಮ ಚರಿತ್ರೆಯನ್ನು ಓದಬೇಕು. ಏಪ್ರಿಲಿನಲ್ಲಿ ಎಡಿತ್ ಸ್ಟೈನ್ ಹನ್ನೊಂದನೆಯ ಪಯಸ್ ಜಗದ್ಗುರುಗಳಿಗೆ ಪತ್ರ ಬರೆದು ಸಭೆಯು ದನಿಯೆತ್ತಬೇಕೆಂದು ಬೇಡಿಕೊಂಡರು. ಜುಲೈ 20ರಂದು ವ್ಯಾಟಿಕನ್ ಹಿಟ್ಲರನ ಸರ್ಕಾರದೊಡನೆ ಒಡಂಬಡಿಕೆಗೆ ಸಹಿ ಹಾಕಿತು. ಅದೇ ತಿಂಗಳ ಪ್ರೊಟೆಸ್ಟೆಂಟ್ ಸಭಾಚುನಾವಣೆಗಳಲ್ಲಿ ನಾಜಿಪರ ‘ಜರ್ಮನ್ ಕ್ರೈಸ್ತರು’ ಗೆದ್ದರು. ಬಾನ್‌ಹೋಫರ್ ಅವರಂತೆ ಎಚ್ಚರಿಸಿದವರು ವಿರಳ.

ಮೊರ್ದೆಕೈ ಸುಮ್ಮನಿರಬೇಡವೆಂದು ಹೇಳಿಕಳುಹಿಸಿದ್ದು ಅರಮನೆಯೊಳಗಿದ್ದ ಎಸ್ತೇರಳಿಗೆ. 1933ರ ಜರ್ಮನಿಯಲ್ಲಿ ಅರಮನೆಗೆ ಸಮೀಪವಿದ್ದುದು ಕ್ರೈಸ್ತ ಸಭೆಯೇ. ಬ್ಲ್ಯಾಕ್ ಅವರು ತಮ್ಮ ಜನರನ್ನು ಕೇಳುವ ನಿಷ್ಠುರ ಪ್ರಶ್ನೆಗಳನ್ನು ನಾವು ನಮ್ಮನ್ನೇ ಕೇಳಿಕೊಳ್ಳುತ್ತ ಓದಿದರೆ ಈ ಗ್ರಂಥದ ಅಧ್ಯಯನ ಸಾರ್ಥಕವಾದೀತು.