ಇಪ್ಪತ್ತು ನಿಮಿಷದ ದೋಣಿಯಲ್ಲಿ ರಂಗನತಿಟ್ಟಿನ ಬೇಸಿಗೆ

ರಂಗನತಿಟ್ಟಿನಲ್ಲಿ ಹಕ್ಕಿ ನೋಡುವ ಹಂಗಾಮು ಬೇಸಿಗೆ. ಕರ್ನಾಟಕದ ಬಯಲುಸೀಮೆಯ ಕೆರೆಗಳಲ್ಲಿ ಪಕ್ಷಿವೀಕ್ಷಕರ ಓಡಾಟ ನವೆಂಬರಿನಿಂದ ಫೆಬ್ರವರಿವರೆಗೆ. ಗದಗ ಜಿಲ್ಲೆಯ ಮಾಗಡಿ ಕೆರೆಯ ಪಟ್ಟೆತಲೆ ಹೆಬ್ಬಾತುಗಳು ಉತ್ತರಕ್ಕೆ ಹೊರಟವೆಂದರೆ ಬಹುತೇಕರ ದುರ್ಬೀನು ಪೆಟ್ಟಿಗೆ ಸೇರುತ್ತದೆ. ಶ್ರೀರಂಗಪಟ್ಟಣದ ಮಗ್ಗುಲಲ್ಲಿರುವ ಕಾವೇರಿಯ ನಡುಗಡ್ಡೆಗಳಲ್ಲಿ ಗಡಿಬಿಡಿ ಏರುವುದು ಸರಿಯಾಗಿ ಆ ಹೊತ್ತಿಗೆ. ಫೆಬ್ರವರಿಯಿಂದ ಜೂನ್‌ವರೆಗೆ ಬಣ್ಣದ ಕೊಕ್ಕರೆ, ಬಾಯ್ಕಳಕ, ಚಮಚ ಕೊಕ್ಕು, ಬಿಳಿ ಕೆಂಬರಲು, ಹೆಜ್ಜಾರ್ಲೆ, ನೀರುಕಾಗೆ, ಹಾವಕ್ಕಿ, ಇರುಳು ಬಕಗಳು ಇಲ್ಲಿ ಗೂಡು ಕಟ್ಟಿ, ಕಾವು ಕೂತು, ಮರಿ ಹಾರಿಸುತ್ತವೆ. ಚಳಿಗಾಲದ ಕೆರೆ ಬಂದುಹೋಗುವ ನೆಂಟರ ಮನೆಯಾದರೆ ಬೇಸಿಗೆಯ ರಂಗನತಿಟ್ಟು ಬಾಣಂತಿ ಮನೆ. ಎರಡನ್ನೂ ಒಂದೇ ರೀತಿ ನೋಡಲಾಗುವುದಿಲ್ಲ. ಆದರೆ ಇಲ್ಲಿನ ಈಗಿನ ವೀಕ್ಷಣೆಯ ಕ್ರಮ ಹೆಚ್ಚು ಕಡಿಮೆ ಅದನ್ನೇ ಮಾಡುತ್ತದೆ.

ಈ ತಾಣ ನದಿ ತಾನಾಗಿ ಕಟ್ಟಿಕೊಂಡದ್ದಲ್ಲ. 1645ರಿಂದ 1648ರ ನಡುವೆ ಮೈಸೂರು ಅರಸರ ಕಾಲದಲ್ಲಿ ಕಾವೇರಿಗೆ ಅಡ್ಡಲಾಗಿ ಕಟ್ಟಿದ ಒಡ್ಡಿನಿಂದ ನೀರು ನಿಂತು, ನಡುವಿನ ದಿಬ್ಬಗಳು ತಿಟ್ಟುಗಳಾದವು. 1940ರಲ್ಲಿ ಪಕ್ಷಿತಜ್ಞ ಸಲೀಂ ಅಲಿ ಇಲ್ಲಿನ ಗೂಡುಗಳನ್ನು ಕಂಡು, ಇದನ್ನು ಪಕ್ಷಿಧಾಮವಾಗಿ ಉಳಿಸುವಂತೆ ಮೈಸೂರಿನ ಅರಸರನ್ನು ಒಪ್ಪಿಸಿದರು. ಪಕ್ಷಿಧಾಮದ ವಿಸ್ತೀರ್ಣ ಚದರ ಕಿಲೋಮೀಟರಿನ ಮುಕ್ಕಾಲು ಪಾಲೂ ಇಲ್ಲ. ರಂಗನತಿಟ್ಟು 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ಪಟ್ಟಿಗೆ ಸೇರಿ ಕರ್ನಾಟಕದ ಮೊದಲ ರಾಮ್ಸಾರ್ ತಾಣವಾಯಿತು. ಮಾಗಡಿ ಕೆರೆ, ಅಂಕಸಮುದ್ರ, ಅಘನಾಶಿನಿ ಅಳಿವೆ ಆ ಪಟ್ಟಿಗೆ ಸೇರಿದ್ದು ಎರಡು ವರ್ಷದ ನಂತರ.

ಸುಡುವ ತಿಂಗಳುಗಳಲ್ಲೇ ಹಕ್ಕಿಗಳು ಇಲ್ಲಿ ಸಂಸಾರ ಹೂಡುವುದಕ್ಕೆ ಕಾರಣ ನೀರಿನ ಲೆಕ್ಕದಲ್ಲಿದೆ. ಬೇಸಿಗೆಯಲ್ಲಿ ಸುತ್ತಲಿನ ಕೆರೆಕಟ್ಟೆಗಳು ಬತ್ತುತ್ತ ಬಂದಂತೆ ಮೀನು ಉಳಿದ ಮಡುಗಳಿಗೆ ಒತ್ತರಿಸಿ ಬರುತ್ತದೆ. ಕೊಕ್ಕು ಅದ್ದಿ ತಡಕಾಡಿ ಬೇಟೆಯಾಡುವ ಬಣ್ಣದ ಕೊಕ್ಕರೆಗೆ ಇದೇ ಸುಗ್ಗಿ. ಕಾವೇರಿ ನಾಲೆಗಳ ಕೆಳಗಿನ ಗದ್ದೆಬಯಲು ಬಾಯ್ಕಳಕಕ್ಕೆ ಬಸವನಹುಳು ಒದಗಿಸುತ್ತದೆ. ಇನ್ನು ಗೂಡಿನ ಕಾವಲು: ತಿಟ್ಟಿನ ಸುತ್ತ ನೀರಿದೆ, ನೀರಿನಲ್ಲಿ ಮೊಸಳೆಯಿದೆ. ನಾಯಿ, ಕಾಡುಬೆಕ್ಕು, ಮುಂಗುಸಿಗಳು ಈಜಿ ಬಂದು ಮೊಟ್ಟೆಗೆ ಬಾಯಿ ಹಾಕುವುದು ಸುಲಭವಲ್ಲ. ಗೂಡಿನಿಂದ ಜಾರಿಬಿದ್ದ ಮರಿಯನ್ನು ಅದೇ ಮೊಸಳೆ ನುಂಗುತ್ತದೆ. ಕಾವಲಿನ ಕೂಲಿ ಎನ್ನಬಹುದು.

ಪ್ರವಾಸಿಗೆ ಇದೆಲ್ಲ ಕಾಣುವುದು ದೋಣಿಯಿಂದ. ಹುಟ್ಟು ಹಾಕುವ ದೋಣಿಯಲ್ಲಿ ಒಂದಿಷ್ಟು ಜನ ಕೂತು, ಸುಮಾರು ಇಪ್ಪತ್ತು ನಿಮಿಷ ತಿಟ್ಟುಗಳ ನಡುವೆ ಸುತ್ತಿ ಬರುವುದು ಸಾಮಾನ್ಯ ಕ್ರಮ. ಇದರ ಗುಣಗಳನ್ನು ಮೊದಲು ಒಪ್ಪಬೇಕು. ನಡೆದು ಬರುವ ಮನುಷ್ಯನಿಗೆ ಹೆದರುವ ಹಕ್ಕಿ ದಿನವೂ ಅದೇ ದಾರಿಯಲ್ಲಿ ನಿಧಾನವಾಗಿ ಸಾಗುವ ದೋಣಿಗೆ ಹೊಂದಿಕೊಂಡಿದೆ. ದುರ್ಬೀನಿಲ್ಲದ ಶಾಲಾ ಹುಡುಗನಿಗೂ ಬಣ್ಣದ ಕೊಕ್ಕರೆಯ ಬೆನ್ನ ತುದಿಯ ಗುಲಾಬಿ ಗರಿ ಬರಿಗಣ್ಣಿಗೆ ಕಾಣುವಷ್ಟು ಹತ್ತಿರ ಹೋಗುವ ಜಾಗ ದಕ್ಷಿಣ ಭಾರತದಲ್ಲಿ ಹೆಚ್ಚಿಲ್ಲ. ದೋಣಿ ನಡೆಸುವವರ ಕಣ್ಣಂತೂ ಪಳಗಿದ್ದು. ಬಂಡೆಯ ಬಣ್ಣದಲ್ಲೇ ಕರಗಿ ಕೂತ ದೊಡ್ಡ ಕಲ್ಲುಗೊರವವನ್ನಾಗಲಿ, ಬಂಡೆಯ ಕೆಳಮೈಗೆ ಮಣ್ಣಿನ ಉಂಡೆ ಮೆತ್ತಿ ಗೂಡು ಕಟ್ಟಿದ ಅಂಬರಗುಬ್ಬಿಗಳ ಸಾಲನ್ನಾಗಲಿ ಅವರು ತೋರಿಸದಿದ್ದರೆ ಹತ್ತರಲ್ಲಿ ಒಂಬತ್ತು ಜನ ನೋಡದೆಯೇ ದಡ ಸೇರುತ್ತಾರೆ.

ಕೊರತೆ ಇರುವುದು ಸಮಯದಲ್ಲಿ. ದೋಣಿ ಒಂದು ತಿಟ್ಟಿನ ಮುಂದೆ ನಿಲ್ಲುವುದು ಹೆಸರು ಹೇಳಿ ಫೋಟೊ ತೆಗೆಯುವಷ್ಟು ಹೊತ್ತು. ಜಾತಿ ಗುರುತಿಸುವುದಕ್ಕೆ ಅಷ್ಟು ಸಾಕು, ಬೇಸಿಗೆಯನ್ನು ನೋಡುವುದಕ್ಕೆ ಸಾಲದು. ನಡುಹಗಲಿನ ಬಿಸಿಲಿನಲ್ಲಿ ಬಣ್ಣದ ಕೊಕ್ಕರೆ ಗೂಡಿನ ಅಂಚಿನಲ್ಲಿ ಸೂರ್ಯನಿಗೆ ಬೆನ್ನು ಕೊಟ್ಟು, ರೆಕ್ಕೆ ಅರ್ಧ ಬಿಚ್ಚಿ ಮರಿಗಳ ಮೇಲೆ ನೆರಳು ಹಿಡಿಯುತ್ತದೆ. ಸೂರ್ಯ ಸರಿದಂತೆ ತಾನೂ ಸರಿಯುತ್ತದೆ. ಎರಡು ನಿಮಿಷ ನೋಡಿದವರಿಗೆ ಅದು ರೆಕ್ಕೆ ಒಣಗಿಸುವ ಹಕ್ಕಿ. ಅರ್ಧ ಗಂಟೆ ನೋಡಿದವರಿಗೆ ಮಾತ್ರ ಕೊಡೆ. ಬಿಸಿಲು ಜೋರಾದಾಗ ದೊಡ್ಡ ಹಕ್ಕಿ ಗಂಟಲಲ್ಲಿ ನೀರು ತುಂಬಿ ತಂದು ಮರಿಗಳ ಮೇಲೆ ಸುರಿಯುವುದುಂಟು. ಕೊಕ್ಕರೆಗಳ ಕಾಲು ಸುಣ್ಣ ಬಳಿದಂತೆ ಬೆಳ್ಳಗಿರುವುದು ಕೊಳಕಿನಿಂದಲ್ಲ: ತಮ್ಮದೇ ಹಿಕ್ಕೆಯನ್ನು ಕಾಲ ಮೇಲೆ ಹರಿಸಿ, ಅದು ಆರುವಾಗ ಮೈಯ ಶಾಖ ಇಳಿಸಿಕೊಳ್ಳುತ್ತವೆ. ಹೆಜ್ಜಾರ್ಲೆಯ ಚೀಲವೂ ನೀರುಕಾಗೆಯ ಗಂಟಲೂ ಬಿಸಿಲಿನಲ್ಲಿ ನಡುಗುತ್ತಿರುವುದು ಇದೇ ಉದ್ದೇಶಕ್ಕೆ. ಕಾದ ಬಂಡೆಯ ಮೇಲೆ ಮೊಟ್ಟೆಯಿಡುವ ರೀವಗಳ (ಟರ್ನ್) ಕುಲದಲ್ಲಿ ಇನ್ನೊಂದು ಉಪಾಯವಿದೆ. ಹೊಟ್ಟೆಯ ಗರಿಯನ್ನು ನೀರಿಗೆ ಅದ್ದಿ ಬಂದು ಮೊಟ್ಟೆ ತಣಿಸುತ್ತವೆ. ಈ ಯಾವುದೂ ಅಪರೂಪದ ಸಂಗತಿಯಲ್ಲ, ಬಿಸಿಲಿನ ದಿನದಲ್ಲಿ ಕಣ್ಣೆದುರೇ ನಡೆಯುವಂಥವು. ನೋಡಲು ಬೇಕಾದ್ದು ಒಂದೇ ಗೂಡಿನ ಮುಂದೆ ಕೂರುವ ತಾಳ್ಮೆ, ಮತ್ತು ಕೂರಗೊಡುವ ವ್ಯವಸ್ಥೆ.

ವಾರಗಳ ಅಂತರದಲ್ಲಿ ಮರಳಿ ಬರುವವರಿಗೆ ದಕ್ಕುವುದು ಇನ್ನೂ ಹೆಚ್ಚು. ಬಾಯ್ಕಳಕದ ಕೊಕ್ಕಿನ ನಡುವಿನ ಸಂದು ಹುಟ್ಟಿನಿಂದ ಬಂದದ್ದಲ್ಲ. ಮರಿಯ ಕೊಕ್ಕು ಬಿಗಿಯಾಗಿ ಮುಚ್ಚಿರುತ್ತದೆ, ಸಂದು ಬಿಡುವುದು ಬೆಳೆಯುತ್ತ. ಆ ಸಂದಿನಲ್ಲಿ ಬಸವನಹುಳುವನ್ನು ಅಡಕೆಯಂತೆ ಒಡೆಯುತ್ತದೆ ಎಂಬ ಜನಪ್ರಿಯ ವಿವರಣೆಯೂ ತಪ್ಪು. ಕೆಳಕೊಕ್ಕಿನ ಚೂಪು ತುದಿಯನ್ನು ಚಿಪ್ಪಿನೊಳಗೆ ತೂರಿಸಿ, ಸ್ನಾಯು ಕತ್ತರಿಸಿ, ಹುಳುವನ್ನು ಇಡಿಯಾಗಿ ಎಳೆಯುತ್ತದೆ. ಬಣ್ಣದ ಕೊಕ್ಕರೆಯ ಮರಿಗಳ ಕಿರುಚಾಟ ದೂರಕ್ಕೂ ಕೇಳಿಸುತ್ತದೆ, ಬೆಳೆದ ಹಕ್ಕಿಗೆ ಆ ಗಂಟಲಿಲ್ಲ, ಕೊಕ್ಕು ಬಡಿದು ಸದ್ದು ಮಾಡುವುದೇ ಅದರ ಮಾತು. ಮಾರ್ಚಿಯಲ್ಲಿ ಮೂಕವಾಗಿದ್ದ ತಿಟ್ಟು ಮೇ ತಿಂಗಳಲ್ಲಿ ಗದ್ದಲದ ಸಂತೆಯಾಗುವುದು ಹೀಗೆ.

ಹೊತ್ತಿನ ಆಯ್ಕೆಯೂ ವೀಕ್ಷಕರ ಕೈಯಲ್ಲಿಲ್ಲ. ಬಾಗಿಲು ತೆರೆಯುವ ಹೊತ್ತಿಗೆ ಬಿಸಿಲೇರಿರುತ್ತದೆ. ಮೇವಿಗೆ ಹೋಗುವ ಹಕ್ಕಿಗಳ ಮುಂಜಾನೆಯ ಹೊರಡಾಟ ಅಷ್ಟರಲ್ಲಿ ಮುಗಿದಿರುತ್ತದೆ. ಇದನ್ನು ದೂರುವವರು ಬಹಳ. ಹಾಗೆಂದು ಈ ನಿರ್ಬಂಧ ಕೇವಲ ಸರಕಾರಿ ಸೋಮಾರಿತನವಲ್ಲ. ಕಾವು ಕೂತ ಹಕ್ಕಿಗೆ ಬೆಳಗ್ಗೆ ಸಂಜೆ ಎರಡು ಹೊತ್ತಾದರೂ ಜನರ ಕಾಟ ತಪ್ಪಬೇಕು. ಹೆಚ್ಚು ಯೋಚಿಸಬೇಕಾದ್ದು ನಡುಹಗಲಿನ ದೋಣಿಗಳ ಬಗ್ಗೆ. ಆಗ ತಾಯಿಹಕ್ಕಿ ಬೆದರಿ ಎದ್ದರೆ ಹೊದಿಕೆಯಿಲ್ಲದ ಮರಿ ಬಿಸಿಲಿಗೆ ಸಿಕ್ಕುತ್ತದೆ, ಹೊಂಚು ಹಾಕಿದ ಕಾಗೆಗೂ ಗರುಡಕ್ಕೂ ದಾರಿಯಾಗುತ್ತದೆ. ಛಾಯಾಗ್ರಾಹಕರಿಗೆ ಹೆಚ್ಚಿನ ದರದಲ್ಲಿ ಪ್ರತ್ಯೇಕ ದೋಣಿ ಸಿಗುವ ಏರ್ಪಾಡಿನಲ್ಲಿ ಈ ಅಪಾಯ ಹೆಚ್ಚು: ಹಣ ಕೊಟ್ಟವರು ಕೇಳುವುದು ‘ಇನ್ನೊಂಚೂರು ಹತ್ತಿರ’ವನ್ನು. ಉದ್ದನೆಯ ಲೆನ್ಸ್ ಇರುವವರೇ ಎಲ್ಲರಿಗಿಂತ ಹತ್ತಿರ ಹೋಗಬಯಸುವುದು ಈ ಹವ್ಯಾಸದ ವಿಚಿತ್ರಗಳಲ್ಲಿ ಒಂದು. ಆದರೂ ಒಂದೇ ದೃಶ್ಯದ ಮುಂದೆ ಹೊತ್ತು ಕಳೆಯುವ ಅವಕಾಶ ಇರುವುದು ಆ ದೋಣಿಯಲ್ಲೇ. ದೂರವನ್ನು ಕಟ್ಟುನಿಟ್ಟು ಮಾಡಿ ಸಮಯವನ್ನು ಸಡಿಲಿಸಿದರೆ ಅದೇ ಉತ್ತಮ ವೀಕ್ಷಣೆಯಾದೀತು. ವಾರಾಂತ್ಯದ ಗುಂಪುದೋಣಿಗಳಲ್ಲಿ ಮೊಸಳೆ ಕಂಡೊಡನೆ ಏಳುವ ಕೇಕೆಗೆ ಯಾವ ಮದ್ದೂ ಇಲ್ಲ.

ಹೋಲಿಕೆಗೆ ದೂರ ಹೋಗಬೇಕಿಲ್ಲ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರ ನಡುವಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಅಲ್ಲಿ ದೋಣಿಯಿಲ್ಲ, ಜಗುಲಿಯ ಮೇಲೆ ಕೂತು ಎಷ್ಟು ಹೊತ್ತು ಬೇಕಾದರೂ ನೋಡಬಹುದು, ಊರಿನವರು ದಿನವಿಡೀ ನೋಡುತ್ತಲೂ ಇರುತ್ತಾರೆ. ಶಿವಮೊಗ್ಗ–ತೀರ್ಥಹಳ್ಳಿ ರಸ್ತೆಯ ಮಂಡಗದ್ದೆಯಲ್ಲಿ ತುಂಗೆಯ ನಡುಗಡ್ಡೆಯನ್ನು ದಡದ ಗೋಪುರದಿಂದ ನೋಡುವ ಪದ್ಧತಿ. ಅದು ಮಳೆಗಾಲದ ತಾಣ, ಹಕ್ಕಿಗಳು ಅಷ್ಟು ಹತ್ತಿರ ಸಿಗುವುದಿಲ್ಲ, ಆದರೆ ನೋಡುಗರನ್ನು ಯಾರೂ ಎಬ್ಬಿಸುವುದಿಲ್ಲ. ರಂಗನತಿಟ್ಟಿನಲ್ಲೂ ಹೊಳೆಮತ್ತಿ, ಬಿದಿರುಗಳ ನೆರಳಿನಲ್ಲಿ ದಡದುದ್ದಕ್ಕೆ ಕಾಲುದಾರಿ ಇದೆ. ದುರ್ಬೀನು ಹಿಡಿದು ಅಲ್ಲಿ ಒಂದು ಗಂಟೆ ಕೂತವರು ಎರಡು ದೋಣಿ ಸುತ್ತಿನಲ್ಲಿ ಕಾಣದ್ದನ್ನು ಕಾಣುತ್ತಾರೆ. ಬಹುಪಾಲು ಜನ ಮಾತ್ರ ಈ ದಾರಿಯನ್ನು ಬಳಸುವುದು ದೋಣಿಯ ಸರದಿ ಬರುವವರೆಗೆ ಕಾಲ ಕಳೆಯಲು.

ಹಂಗಾಮಿಗೆ ತೆರೆ ಎಳೆಯುವುದು ಕೃಷ್ಣರಾಜಸಾಗರ. ಬಣ್ಣದ ಕೊಕ್ಕರೆಗೆ ಕಾವಿಗೆ ಒಂದು ತಿಂಗಳು, ಮರಿ ಹಾರುವುದಕ್ಕೆ ಇನ್ನೆರಡು ತಿಂಗಳು ಬೇಕು. ಮಾರ್ಚಿಯಲ್ಲಿ ಮೊಟ್ಟೆಯಿಟ್ಟ ಜೋಡಿ ಜೂನ್ ಮುಗಿಯುವುದರೊಳಗೆ ಗೆಲ್ಲುತ್ತದೆ. ಮೇ ತಿಂಗಳಲ್ಲಿ ತೊಡಗಿದ ಜೋಡಿಯ ಗೂಡು ಅಣೆಕಟ್ಟೆಯ ಬಾಗಿಲು ತೆರೆಯುವ ಜುಲೈ–ಆಗಸ್ಟ್ ಪ್ರವಾಹಕ್ಕೆ ಸಿಕ್ಕುತ್ತದೆ. 2018, 2019ರಂಥ ವರ್ಷಗಳಲ್ಲಿ ತಗ್ಗಿನ ತಿಟ್ಟುಗಳು ಮುಳುಗಿ, ದೋಣಿಯೂ ನಿಂತಿತ್ತು. ಕೊರೆದುಹೋದ ತಿಟ್ಟುಗಳನ್ನು ಅರಣ್ಯ ಇಲಾಖೆ ಮರಳಿನ ಚೀಲ ಪೇರಿಸಿ ಮತ್ತೆ ಎತ್ತರಿಸಿದೆ. ಇದು ಪ್ರಕೃತಿಯಲ್ಲಿ ಕೈಯಾಡಿಸುವ ಕೆಲಸ ಎಂಬ ಆಕ್ಷೇಪಕ್ಕೆ ಇಲ್ಲಿ ಅರ್ಥವಿಲ್ಲ. ಮನುಷ್ಯರ ಒಡ್ಡಿನಿಂದ ಹುಟ್ಟಿ, ಮನುಷ್ಯರ ಅಣೆಕಟ್ಟೆಯ ಕೆಳಗೆ ಬದುಕುವ ತಾಣವಿದು.

ಇಷ್ಟೊಂದು ಜನ ನೋಡುವ ಬೇಸಿಗೆಯಿಂದ ದಾಖಲೆಗೆ ಸೇರುವುದು ಕಡಿಮೆ. ಹವ್ಯಾಸಿಗಳು ದೊಡ್ಡ ಸಂಖ್ಯೆಯಲ್ಲಿ ತೊಡಗುವ ಏಷ್ಯಾ ನೀರುಹಕ್ಕಿ ಗಣತಿ ನಡೆಯುವುದು ಜನವರಿಯಲ್ಲಿ, ಎಂದರೆ ರಂಗನತಿಟ್ಟಿನ ಗೂಡುಗಳು ತುಂಬುವ ಮೊದಲು. ಬೇಸಿಗೆಯಲ್ಲಿ ಬಂದವರು ಮೊಬೈಲಿನಲ್ಲಿ ಜಾತಿಗಳ ಪಟ್ಟಿ ಏರಿಸುತ್ತಾರೆ. ಪಟ್ಟಿಯ ಪ್ರಕಾರ ಮಾರ್ಚಿಯೂ ಜೂನೂ ಹೆಚ್ಚು ಕಡಿಮೆ ಒಂದೇ. ಗೂಡಿನಲ್ಲಿ ಮೊಟ್ಟೆಯಿತ್ತೇ, ಮರಿ ಎಷ್ಟು, ನೀರಿನ ಮಟ್ಟ ತಿಟ್ಟಿನ ಯಾವ ಅಂಚಿಗಿತ್ತು ಎಂಬುದು ಅದರಲ್ಲಿ ಬರುವುದಿಲ್ಲ. ದಿನವೂ ಅದೇ ತಿಟ್ಟುಗಳ ಮುಂದೆ ಹಾದುಹೋಗುವ ದೋಣಿ ಇಂಥ ಲೆಕ್ಕಕ್ಕೆ ಸಿದ್ಧವಾಗಿರುವ ಸಾಧನ. ಒಂದೇ ಬಿಂದುವಿನಲ್ಲಿ ನಿಲ್ಲಿಸಿ, ಒಂದೇ ತಿಟ್ಟಿನ ಚಿತ್ರವನ್ನು ವಾರಕ್ಕೊಮ್ಮೆ ತೆಗೆದರೂ ಯಾವ ಗೂಡು ಪ್ರವಾಹಕ್ಕೆ ಮೊದಲು ಖಾಲಿಯಾಯಿತು, ಯಾವುದು ಉಳಿಯಲಿಲ್ಲ ಎಂದು ತಿಳಿಯುತ್ತದೆ. ಅದಕ್ಕೆ ಬೇಕಾದ ಕಣ್ಣು ದೋಣಿ ನಡೆಸುವವರಲ್ಲಿ ಆಗಲೇ ಇದೆ. ಅವರ ಕೈಗೆ ಒಂದು ನೋಟ್‌ಬುಕ್ಕನ್ನೂ ಆ ಕೆಲಸಕ್ಕೆ ಸಂಬಳವನ್ನೂ ಕೊಡಬೇಕಷ್ಟೆ.